ಆವತಿ ಸೀಮೆಯ ಭೂಸ್ಥಿತಿಯೂ ಪೂರ್ವವೃತ್ತಾಂತವೂ

ಆವತಿಯು ದೇವನಹಳ್ಳಿಗೆ ಉತ್ತರದಲ್ಲಿ, ನಂದಿಬೆಟ್ಟದ ಸಾಲಿಗೆ ಸಮೀಪವಾಗಿರುವ ಗ್ರಾಮವು. ರಣಭೈರೇಗೌಡನೂ ಆತನ ಸಹೋದರರೂ ಇಲ್ಲಿ ನೆಲಸಿದರೆಂದು ಐತಿಹ್ಯವುಂಟು. ಈ ನಾಡಪ್ರಭುಗಳ ವಂಶದ ಮಲ್ಲಭೈರೇಗೌಡನು 1501ರಲ್ಲಿ ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದನು.

ಈ ಸೀಮೆಯ ನೆಲವು ಹೆಚ್ಚಾಗಿ ಕೆಮ್ಮಣ್ಣು. ವರ್ಷವೆಲ್ಲಾ ಹರಿಯುವ ಹೊಳೆಯಿಲ್ಲ. ಆದುದರಿಂದಲೇ ಪೂರ್ವಿಕರು ತಗ್ಗುಗಳಿಗೆ ಅಡ್ಡಲಾಗಿ ಏರಿ ಹಾಕಿ, ಒಂದು ಕೆರೆಯ ಕೋಡಿನೀರು ಕೆಳಗಣ ಕೆರೆಗೆ ಸೇರುವಂತೆ ಏರ್ಪಡಿಸಿದರು. ದಿಣ್ಣೆಯ ಹೊಲದಲ್ಲಿ ರಾಗಿ, ಕೆರೆಯ ಕೆಳಗೆ ಭತ್ತ ಬೆಳೆಯುತ್ತಿದ್ದಿತು. ಕೊಳವೆಬಾವಿಗಳು ಹೆಚ್ಚಿದ ಮೇಲೆ ಕೆರೆಗಳು ಅಲಕ್ಷ್ಯಕ್ಕೊಳಗಾಗಿ, ಅಂತರ್ಜಲವು ಆಳಕ್ಕಿಳಿಯಿತು. ದ್ರಾಕ್ಷಿ, ಚಕ್ಕೋತದ ತೋಟಗಳಿಗೂ ಆ ನೀರೇ ಆಧಾರ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ತೆರೆದ ತರುವಾಯ ನೆಲದ ಬೆಲೆಯೇರಿತು; ನೀರಿಲ್ಲದ ನೆಲವಾದರೋ ಬೇಸಾಯಕ್ಕೆ ಒದಗದು.

ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಮುಂಗಾರಿಗೆ ಮೊದಲೇ ಕಾಲುವೆಗಳ ಹೂಳು ತೆಗೆಯಿಸಿ, ಅವು ಒತ್ತುವರಿಯಾಗದಂತೆ ನೋಡಿಕೊಳ್ಳತಕ್ಕದ್ದು.