ತುರಿಕೆ ಅಡಗಿದರೆ ರೋಗ ಹೋಯಿತೆ?

ನಾಯಿ ಮೈ ಕೆರೆದು ಕೂದಲು ಉದುರಿಸಿಕೊಂಡಾಗ, ಇಂದಿರಾನಗರದ ಬಂಗಲೆಯವರೂ ಹಲಸೂರಿನ ವಠಾರದವರೂ ವೈದ್ಯರಲ್ಲಿ ಕೇಳುವುದು ಒಂದನ್ನೇ: ತುರಿಕೆ ನಿಲ್ಲುವ ಇಂಜೆಕ್ಷನ್. ಆದರೆ ತುರಿಕೆ ರೋಗವಲ್ಲ, ರೋಗದ ಲಕ್ಷಣ. ಅದರ ಹಿಂದೆ ಉಣ್ಣೆ, ಚಿಗಟ, ಕಜ್ಜಿ ಹುಳು, ಶಿಲೀಂಧ್ರ, ಅಲರ್ಜಿ ಯಾವುದೂ ಇರಬಹುದು. ಕಾರಣ ತಿಳಿಯದೆ ತುರಿಕೆಯನ್ನಷ್ಟೇ ಅಡಗಿಸಿದರೆ ರೋಗ ಬೆಳೆಯಲು ಬಿಟ್ಟಂತೆ.

ತುರಿಕೆಯನ್ನು ಬೇಗ ತಗ್ಗಿಸುವ ಸ್ಟೀರಾಯ್ಡ್ ದೇಹದ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುತ್ತದೆ. ಅಲರ್ಜಿಯಲ್ಲಿ ಇದು ಉಪಕಾರಿ. ಡೆಮೊಡೆಕ್ಸ್ ಕಜ್ಜಿಯಲ್ಲಿ ಅಪಾಯಕಾರಿ. ಕೂದಲ ಬುಡದಲ್ಲಿ ತೆಪ್ಪಗಿರುವ ಈ ಹುಳು ಹೆಚ್ಚುವುದೇ ನಿರೋಧಕ ಶಕ್ತಿ ಕುಂದಿದಾಗ. ಹುಳುಕಡ್ಡಿಯ ಶಿಲೀಂಧ್ರವೂ ಹಾಗೆಯೇ ಹಬ್ಬುತ್ತದೆ. ಡೆಮೊಡೆಕ್ಸ್ ಮನುಷ್ಯರಿಗೆ ಅಂಟದು. ಸಾರ್ಕಾಪ್ಟಿಸ್ ಕಜ್ಜಿಯೂ ಹುಳುಕಡ್ಡಿಯೂ ಅಂಟುತ್ತವೆ. ಬೆಕ್ಕಿನಿಂದ ಮಕ್ಕಳಿಗೆ ಹುಳುಕಡ್ಡಿ ಬರುವುದು ಅಪರೂಪವಲ್ಲ. ಹಾಗಾಗಿ ಯಾವ ರೋಗವೆಂದು ತಿಳಿಯುವುದು ಮನೆಮಂದಿಯ ಆರೋಗ್ಯದ ಪ್ರಶ್ನೆಯೂ ಹೌದು. ಚರ್ಮವನ್ನು ಬ್ಲೇಡಿನಿಂದ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ ಹೆಚ್ಚು ಹೊತ್ತು ಬೇಡ.

ಪರೀಕ್ಷೆಗೆ ದುಡ್ಡೆಲ್ಲಿ ಎಂಬ ಮಾತು ನ್ಯಾಯವೇ. ಆದರೆ ಮತ್ತೆ ಮತ್ತೆ ಹಾಕಿಸುವ ಇಂಜೆಕ್ಷನ್ನಿಗೂ ದುಡ್ಡು ಬೇಕು. ಶಿವಾಜಿನಗರದ ಪಕ್ಕದ ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆಯಿದೆ, ಕೆ.ಆರ್. ಪುರದವರು ಹೊರವರ್ತುಲ ರಸ್ತೆ ಹಿಡಿದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಸಿಗುತ್ತದೆ. ಕೆರೆದು ನೋಡಿದರೂ ಸಾರ್ಕಾಪ್ಟಿಸ್ ಕೆಲವೊಮ್ಮೆ ಕಾಣದು ಎಂಬ ಆಕ್ಷೇಪವೂ ನಿಜ. ಆಗ ಲಕ್ಷಣ ನೋಡಿ ಕಜ್ಜಿಗೇ ಔಷಧ ಕೊಟ್ಟು ಪರಿಣಾಮ ಗಮನಿಸುವುದು ವೈದ್ಯರ ಕ್ರಮ. ಅದು ಕುರುಡು ಚಿಕಿತ್ಸೆಯಲ್ಲ. ಬೇವು, ಅರಿಶಿನ ಸಾಲದೆ ಎನ್ನುವವರೂ ಉಂಟು. ಮೇಲೆ ಹಚ್ಚಿದ ಲೇಪ ಕೂದಲ ಬುಡದ ಹುಳುವನ್ನು ನಿರ್ಮೂಲ ಮಾಡದು. ಮೈಗೆ ಹಚ್ಚಿದ ಸೀಮೆಎಣ್ಣೆ, ಹಳೆಯ ಎಂಜಿನ್ ಆಯಿಲ್ ನಾಯಿ ನೆಕ್ಕಿದರಂತೂ ವಿಷ. ನಾಯಿಯ ಉಣ್ಣೆಗೆಂದು ತಂದ ಪರ್ಮೆತ್ರಿನ್ ಔಷಧ ಬೆಕ್ಕಿನ ಪ್ರಾಣವನ್ನೇ ತೆಗೆಯಬಹುದು.

ಉಣ್ಣೆಯ ವಿಷಯದಲ್ಲಿ ಕಾರಣ ನಾಯಿಯ ಮೈಮೇಲಷ್ಟೇ ಇರುವುದಿಲ್ಲ. ಕಂದು ಉಣ್ಣೆ ಬದುಕಿನ ಬಹುಪಾಲು ಕಳೆಯುವುದು ಗೋಡೆಯ ಬಿರುಕಿನಲ್ಲಿ, ಹಾಸಿಗೆಯ ಮಡಿಕೆಯಲ್ಲಿ. ಒಂದು ಹೆಣ್ಣು ಸಾವಿರಾರು ಮೊಟ್ಟೆಯಿಡುತ್ತದೆ. ಕೊರೆಯುವ ಚಳಿಯಿಲ್ಲದ ಬೆಂಗಳೂರಿನಲ್ಲಿ ಅದಕ್ಕೆ ವರ್ಷವಿಡೀ ಸುಗ್ಗಿ. ರಕ್ತಕ್ಕೆ ತಗಲುವ ಎರ್ಲಿಕಿಯಾ ಜ್ವರವನ್ನು ನಾಯಿಗೆ ಹರಡುವುದೂ ಇದೇ. ನಾಯಿಗೆ ಔಷಧ ಹಾಕಿ ಮನೆಯನ್ನು ಬಿಟ್ಟರೆ ಕೆಲಸ ಅರ್ಧವೇ. ಮುಂದಿನ ಸಲ ವೈದ್ಯರ ಬಳಿ ಹೋದಾಗ ಇಂಜೆಕ್ಷನ್ ಕೇಳುವ ಮುನ್ನ, ಈ ತುರಿಕೆಗೆ ಕಾರಣವೇನೆಂದು ಕೇಳಿ.