ಲೆಕ್ಕಕ್ಕೆ ಸಿಗದ ನಿರುದ್ಯೋಗ

ತೊಗರಿ ರಾಶಿ ಮುಗಿಯಿತೆಂದರೆ ಯಾದಗಿರಿ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಗುಳೆ ಶುರು. ಹದಿನೆಂಟು–ಇಪ್ಪತ್ತರ ಹುಡುಗರು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಸ್ಸು ಹತ್ತುತ್ತಾರೆ. ಅದೇ ಹೊತ್ತಿಗೆ ಯಾವುದೋ ನಗರದಲ್ಲಿ ಪದವಿ ಮುಗಿಸಿದ ಒಬ್ಬ ಹುಡುಗ, ಮನೆಯವರು ಕೊಟ್ಟ ದುಡ್ಡಿನಲ್ಲಿ ದಿನ ದೂಡುತ್ತ ಅರ್ಜಿ ಹಾಕುತ್ತಿರುತ್ತಾನೆ. ಸರ್ಕಾರಿ ಲೆಕ್ಕದಲ್ಲಿ ನಿರುದ್ಯೋಗಿ ಅನ್ನಿಸಿಕೊಳ್ಳುವವನು ಈ ಎರಡನೆಯವನು. ಗುಳೆ ಹೋದವನು ಉದ್ಯೋಗಿ.

ಇದು ಗಣತಿದಾರರ ತಪ್ಪಲ್ಲ, ವ್ಯಾಖ್ಯೆಯ ಗುಣ. ನಿರುದ್ಯೋಗಿ ಎನಿಸಿಕೊಳ್ಳಲು ಕೆಲಸ ಇಲ್ಲದಿದ್ದರೆ ಸಾಲದು. ಕೆಲಸ ಹುಡುಕುತ್ತಿರಬೇಕು, ಇಲ್ಲವೇ ಸಿಕ್ಕರೆ ಮಾಡಲು ಸಿದ್ಧವಿರಬೇಕು. ಕೇಂದ್ರದ ಅಂಕಿಅಂಶ ಕಚೇರಿ 2017ರಿಂದ ನಡೆಸುತ್ತಿರುವ ಕಾರ್ಮಿಕ ಬಲ ಸಮೀಕ್ಷೆಯ ವಾರ್ಷಿಕ ಲೆಕ್ಕದಲ್ಲಿ, ಹಿಂದಿನ ಒಂದು ವರ್ಷದಲ್ಲಿ 30 ದಿನ ದುಡಿದಿದ್ದರೂ ಆತ ದುಡಿಮೆಗಾರರ ಸಾಲಿಗೆ ಸೇರುತ್ತಾನೆ. ಉಳಿದ ಹನ್ನೊಂದು ತಿಂಗಳು ಏನು ಮಾಡಿದ, ಎಷ್ಟು ಕೂಲಿ ಸಿಕ್ಕಿತು ಎಂಬುದು ನಿರುದ್ಯೋಗದ ದರದಲ್ಲಿ ಕಾಣುವುದಿಲ್ಲ.

ಹೀಗಾಗಿ ಒಂದು ವಿಚಿತ್ರ ಚಿತ್ರ ಮೂಡುತ್ತದೆ. 2023–24ರ ಸಮೀಕ್ಷೆಯಲ್ಲಿ 15ರಿಂದ 29 ವಯಸ್ಸಿನವರ ನಿರುದ್ಯೋಗ ದೇಶದಲ್ಲಿ ಶೇ 10.2 ಇತ್ತು. ಕೇರಳದಲ್ಲಿ ಅದು ಶೇ 29.9, ಮಧ್ಯಪ್ರದೇಶದಲ್ಲಿ ಬರೀ ಶೇ 2.6. ಬಹು ಆಯಾಮದ ಬಡತನದ ಲೆಕ್ಕ ನೋಡಿದರೆ ಚಿತ್ರ ತಲೆಕೆಳಗು: 2019–21ರ ಮಾಹಿತಿಯಂತೆ ಮಧ್ಯಪ್ರದೇಶದಲ್ಲಿ ಶೇ 20ಕ್ಕೂ ಹೆಚ್ಚು ಬಡವರು, ಕೇರಳದಲ್ಲಿ ಶೇ 1ಕ್ಕಿಂತ ಕಡಿಮೆ. ಹೊಟ್ಟೆಗಿಲ್ಲದವನಿಗೆ ಒಳ್ಳೆಯ ಕೆಲಸಕ್ಕಾಗಿ ಕಾಯುವ ಅನುಕೂಲವಿಲ್ಲ. ಸಿಕ್ಕ ಕೂಲಿಗೆ ಹೋಗುತ್ತಾನೆ. ಉದ್ಯೋಗದ ಅನುದಾನವನ್ನು ನಿರುದ್ಯೋಗದ ದರ ನೋಡಿ ಹಂಚಿದರೆ, ಅದು ಕಷ್ಟ ಹೆಚ್ಚಿರುವ ಕಡೆಗೇ ಕಡಿಮೆ ಹರಿಯುತ್ತದೆ.

ಹಾಗಾದರೆ ಯಾವ ಕೋಲಿನಿಂದ ಅಳೆಯಬೇಕು? ಕರ್ನಾಟಕ ಈ ಪ್ರಶ್ನೆಯನ್ನು ಒಮ್ಮೆ ಗಂಭೀರವಾಗಿ ಕೈಗೆತ್ತಿಕೊಂಡಿತ್ತು. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕೃಷಿ, ಕೈಗಾರಿಕೆ, ರಸ್ತೆ, ಶಾಲೆ, ಆರೋಗ್ಯ ಮುಂತಾದವನ್ನು 35 ಸೂಚಕಗಳಲ್ಲಿ ಅಳೆದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಪ್ರತಿ ತಾಲ್ಲೂಕಿಗೂ ಒಂದು ಸೂಚ್ಯಂಕ ಕೊಟ್ಟಿತು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ತಾಲ್ಲೂಕುಗಳು ಗುಲಬರ್ಗಾ ವಿಭಾಗವೊಂದರಲ್ಲೇ ಇದ್ದವು.

ವರದಿಯ ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. 0.90 ಸೂಚ್ಯಂಕದ ತಾಲ್ಲೂಕಿಗೆ ಸರಾಸರಿ ಮುಟ್ಟಲು 0.10 ಕೊರತೆ, 0.60 ಇರುವುದಕ್ಕೆ 0.40. ಎರಡೂ ಹಿಂದುಳಿದವೇ ಎಂದು ಸಮನಾಗಿ ಕೊಟ್ಟರೆ ಅನ್ಯಾಯ. ಕೊರತೆಯ ಲೆಕ್ಕದಲ್ಲಿ ಎರಡನೆಯದಕ್ಕೆ ನಾಲ್ಕು ಪಟ್ಟು ಸಲ್ಲಬೇಕು. ಇಂಥ ಕೊರತೆಗಳನ್ನು ಕೂಡಿಸಿದಾಗ ಗುಲಬರ್ಗಾ ವಿಭಾಗಕ್ಕೆ ಶೇ 40, ಬೆಳಗಾವಿ ವಿಭಾಗಕ್ಕೆ ಶೇ 20 ಪಾಲು ಬಂತು. ಎಂಟು ವರ್ಷಗಳಲ್ಲಿ 31 ಸಾವಿರ ಕೋಟಿ ರೂಪಾಯಿಯ ಯೋಜನೆಯನ್ನು ಸಮಿತಿ ಸೂಚಿಸಿತು. ಮುಂದೆ ಸಂವಿಧಾನದ 98ನೇ ತಿದ್ದುಪಡಿಯಿಂದ 371 (ಜೆ) ವಿಧಿ ಬಂತು. ಈ ಗುಲಬರ್ಗಾ ವಿಭಾಗಕ್ಕೆ, ಅಂದರೆ ಇಂದಿನ ಕಲ್ಯಾಣ ಕರ್ನಾಟಕಕ್ಕೆ, ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ, ಅಲ್ಲಿನವರಿಗೆ ಶಿಕ್ಷಣ ಮತ್ತು ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿಯೂ ಸಿಕ್ಕವು.

ಆದರೆ ಈ ಕೋಲು ಅಳೆದದ್ದು ಹೆಚ್ಚಾಗಿ ಊರನ್ನು, ಊರಿನ ಹುಡುಗರನ್ನಲ್ಲ. ರಸ್ತೆ ಇಲ್ಲದ ಕಡೆ ರಸ್ತೆ, ಕಟ್ಟಡ ಇಲ್ಲದ ಕಡೆ ಕಟ್ಟಡ ಆದರೆ ಸೂಚ್ಯಂಕ ಏರುತ್ತದೆ. ಅದು ಬೇಡವೆಂದಲ್ಲ. ಆದರೆ ಐಟಿಐ ಕಟ್ಟಡ ಎದ್ದ ಮಾತ್ರಕ್ಕೆ ಅಲ್ಲಿ ಕಲಿಸುವವರಾಗಲಿ, ಕಲಿತವರನ್ನು ಕೆಲಸಕ್ಕೆ ಕರೆಯುವ ಕಾರ್ಖಾನೆಯಾಗಲಿ ತಾನಾಗಿ ಬರುವುದಿಲ್ಲ. ಒಳ್ಳೆಯ ರಸ್ತೆ ಗುಳೆ ಬಸ್ಸಿಗೂ ದಾರಿ.

ಇನ್ನೊಂದು ಮಾದರಿ ನೇರವಾಗಿ ವ್ಯಕ್ತಿಗೇ ಹಣ ಕೊಡುವುದು. ‘ಯುವನಿಧಿ’ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿಯಂತೆ ಎರಡು ವರ್ಷ ಕೊಡುವ ಯೋಜನೆ. ಕೆಲಸ ಹುಡುಕುವವರಿಗೆ ಇದು ಆಸರೆ, ನಿಜ. ಆದರೆ ಇದರ ಬಾಗಿಲು ಪದವಿ ಇಲ್ಲವೇ ಡಿಪ್ಲೊಮಾ. ಹತ್ತನೇ ತರಗತಿಗೇ ಶಾಲೆ ಬಿಟ್ಟವರು ಹೆಚ್ಚಿರುವ ತಾಲ್ಲೂಕಿಗೆ ಇಂಥ ಹಣ ಸಹಜವಾಗಿಯೇ ಕಡಿಮೆ ತಲುಪುತ್ತದೆ. ಯಾರೂ ತಾರತಮ್ಯ ಮಾಡಬೇಕಿಲ್ಲ. ಅರ್ಹತೆಯ ನಿಯಮವೇ ಆ ಕೆಲಸ ಮಾಡುತ್ತದೆ.

ಹಾಗಾಗಿ ನ್ಯಾಯದ ಹಂಚಿಕೆಗೆ ಎರಡೂ ಕೋಲು ಬೇಕು: ಊರಿನ ಕೊರತೆ ಮತ್ತು ಹುಡುಗರ ದುಡಿಮೆಯ ಸ್ಥಿತಿ. ಎರಡನೆಯದನ್ನು ಅಳೆಯಲು ನಿರುದ್ಯೋಗದ ದರ ಸಾಲದು. ವರ್ಷದಲ್ಲಿ ಎಷ್ಟು ದಿನ ಕೆಲಸ ಸಿಕ್ಕಿತು, ಕೂಲಿ ಎಷ್ಟು, ಎಷ್ಟು ಮಂದಿ ಗುಳೆ ಹೋದರು, ಓದೂ ಇಲ್ಲದೆ ಕೆಲಸವೂ ಇಲ್ಲದೆ ಮನೆಯಲ್ಲಿರುವ ಹುಡುಗಿಯರೆಷ್ಟು ಎಂಬುದು ಬೇಕು. ಕೆಲಸ ಹುಡುಕಲೂ, ಸಿಕ್ಕರೆ ಹೊರಡಲೂ ಆಗದ ಆ ಹುಡುಗಿಯರಂತೂ ನಿರುದ್ಯೋಗಿಗಳ ಪಟ್ಟಿಗೂ ಸೇರುವುದಿಲ್ಲ. 2025ರಿಂದ ಕಾರ್ಮಿಕ ಬಲ ಸಮೀಕ್ಷೆಯ ಮಾದರಿ ಆಯ್ಕೆಗೆ ಜಿಲ್ಲೆಯೇ ಮೂಲ ಘಟಕವಾಗಿದೆ. ಇದು ಒಳ್ಳೆಯ ಆರಂಭ. ಆದರೆ ಹಿಂದುಳಿದಿರುವಿಕೆಯನ್ನು ನಾವು ಗುರುತಿಸಿದ್ದು ತಾಲ್ಲೂಕಿನ ಮಟ್ಟದಲ್ಲಿ.

ಬೇಸಿಗೆಯಲ್ಲಿ ಯಾವ ಊರಿನಲ್ಲಿ ಎಷ್ಟು ಮನೆಗೆ ಬೀಗ ಬಿದ್ದಿದೆ ಎಂದು ಆ ಊರಿನ ಶಾಲೆಯ ಮೇಷ್ಟರಿಗೆ ಗೊತ್ತಿರುತ್ತದೆ, ಅಂಗನವಾಡಿ ಕಾರ್ಯಕರ್ತೆಗೂ ಗೊತ್ತಿರುತ್ತದೆ. ಅವರಿಗೆ ಗೊತ್ತಿರುವುದು ಅನುದಾನ ಹಂಚುವ ಸೂತ್ರಕ್ಕೂ ಗೊತ್ತಾಗಬೇಕು.