ಹಗೇವಿನ ವಾಯುವೂ ಕಡಲಾಳದ ಉಸಿರೂ

ರಾಯಚೂರು, ಮಾನ್ವಿ, ದೇವದುರ್ಗಗಳ ಜೋಳದ ಸೀಮೆಯಲ್ಲಿ ಹಿಂದೆ ಧಾನ್ಯವನ್ನು ನೆಲದೊಳಗಣ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಈ ಶಬ್ದಕ್ಕೆ ‘ಹಗೆ’ ಎಂಬ ರೂಪವೂ ಉಂಟು. ವೈರವಾಚಕವಾದ ಹಗೆಯೊಡನೆ ಇದಕ್ಕೆ ಉಚ್ಚಾರಸಾಮ್ಯವಿದೆಯೆಂದ ಮಾತ್ರಕ್ಕೆ ಸಂಬಂಧವನ್ನು ಕಲ್ಪಿಸಲಾಗದು. ಆದರೂ ಬಾಯಿ ತೆರೆದೊಡನೆ ಒಳಗಿಳಿದವನಿಗೆ ಹಗೇವು ಹಗೆಯೇ ಆಗುತ್ತಿದ್ದಿತು. ಇದರ ಕಾರಣವನ್ನರಿತರೆ, ಕಡಲಾಳಕ್ಕಿಳಿಯುವವರು ತಮ್ಮ ಉಸಿರಿನ ವಾಯುವನ್ನು ಅಳೆದೇ ಇಳಿಯಬೇಕೆಂಬ ನಿಯಮದ ಮರ್ಮವೂ ತಿಳಿಯುವುದು.

ಮುಚ್ಚಿದ ಹಗೇವಿನಲ್ಲಿ ಕಾಳೂ ಹುಳುಗಳೂ ಉಸಿರಾಡಿ ಆಮ್ಲಜನಕವನ್ನು ವ್ಯಯಮಾಡುತ್ತವೆ, ಇಂಗಾಲಾಮ್ಲವಾಯು ತುಂಬುತ್ತದೆ. ಆಗ ಹುಳುಗಳು ಸತ್ತು ಕಾಳು ಉಳಿಯುತ್ತದೆ. ಕಾಳನ್ನು ಕಾಯುವ ಗುಣವೇ ಮನುಷ್ಯನಿಗೆ ಮೃತ್ಯು. ಬಿದ್ದವನನ್ನು ಎತ್ತಲು ಅವಸರದಿಂದ ಇಳಿದವನಿಗೂ ಅದೇ ಗತಿ. ಆದುದರಿಂದ ಬಾಯಿಯನ್ನು ಬಹಳ ಹೊತ್ತು ತೆರೆದಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವ ವಾಡಿಕೆಯಿದ್ದಿತು. ಗಾಳಿಯಲ್ಲಿ ನೂರಕ್ಕೆ 21ರಷ್ಟಿರುವ ಆಮ್ಲಜನಕವು ಸುಮಾರು 16ಕ್ಕೆ ಇಳಿದಾಗ ದೀಪ ನಂದುವುದು. ಮನುಷ್ಯನ ಪ್ರಜ್ಞೆ ತಪ್ಪುವುದು ಇನ್ನೂ ಕಡಮೆಯಾದಾಗ. ದೀಪವು ಮೊದಲು ಆರುವುದರಲ್ಲಿಯೇ ಈ ಪರೀಕ್ಷೆಯ ಬೆಲೆಯಿದೆ.

ಇಂತಹ ವಾಯುಗಳನ್ನು ಗಣಿಗಳಲ್ಲಿ ಶೋಧಿಸಿದ ಜಾನ್ ಸ್ಕಾಟ್ ಹಾಲ್ಡೇನ್ (1860–1936) ಎಂಬ ವಿಜ್ಞಾನಿಯೇ 1908ರಲ್ಲಿ, ಮುಳುಗುಗಾರರು ಹಂತಹಂತವಾಗಿ ಮೇಲೇರುವ ಕ್ರಮವನ್ನೂ ಪ್ರಕಟಿಸಿದನು. ಉಸಿರಿನ ತವಕವನ್ನು ಮುಖ್ಯವಾಗಿ ಹುಟ್ಟಿಸುವುದು ಇಂಗಾಲಾಮ್ಲದ ಹೆಚ್ಚಳವೇ ಹೊರತು ಆಮ್ಲಜನಕದ ಕೊರತೆಯಲ್ಲವೆಂದು ಆತನೂ ಪ್ರೀಸ್ಟ್ಲಿಯೂ 1905ರಲ್ಲಿ ತೋರಿಸಿದರು. ಎಂದರೆ, ಆಮ್ಲಜನಕ ಸಾಲದಿದ್ದರೆ ದೇಹವು ಎಚ್ಚರಿಸುವುದೆಂದು ನಂಬುವಂತಿಲ್ಲ.

ಕಡಲಿನಲ್ಲಿ ಈ ಲೆಕ್ಕಕ್ಕೆ ಒತ್ತಡವೂ ಸೇರುವುದು. ಪ್ರತಿ 10 ಮೀಟರಿಗೆ ಸುಮಾರು ಒಂದು ವಾತಾವರಣದ ಒತ್ತಡ ಹೆಚ್ಚುತ್ತದೆ. 40 ಮೀಟರಿನಲ್ಲಿ ಅದು ಐದು. ಸಾಮಾನ್ಯ ಗಾಳಿಯನ್ನೇ ಉಸಿರಾಡಿದರೂ ಅಲ್ಲಿ ಸಾರಜನಕವು ಅಮಲೇರಿಸುವುದು. ಆದಕಾರಣ ಬಹು ಆಳಕ್ಕೆ ಹೋಗುವವರು ಹೀಲಿಯಂ ಬೆರೆಸುವರು. ಆಮ್ಲಜನಕವೂ ಮಿತಿಮೀರಿದರೆ ವಿಷವೆಂದು ಪಾಲ್ ಬೇರ್ 1878ರಲ್ಲಿಯೇ ತಿಳಿಸಿದ್ದನು. ಅದರ ಪಾಲಿನ ಒತ್ತಡವು 1.4ನ್ನು, ವಿಶ್ರಾಂತಿಯ ಹಂತದಲ್ಲಿ 1.6ನ್ನು, ಮೀರಬಾರದೆಂಬುದು ಇಂದಿನ ರೂಢಿ. ಶುದ್ಧ ಆಮ್ಲಜನಕವು 6 ಮೀಟರಿನಲ್ಲಿಯೇ ಈ ಎರಡನೆಯ ಎಲ್ಲೆಯನ್ನು ಮುಟ್ಟುವುದು. ಅದಕ್ಕೂ ಕೆಳಗೆ ಸೆಳವು ಬಂದು ಮುಳುಗುಗಾರನು ಸಾಯಬಹುದು. ಇದಕ್ಕೆ ವಿರುದ್ಧವಾಗಿ, ನೂರಕ್ಕೆ 10ರಷ್ಟೇ ಆಮ್ಲಜನಕವಿರುವ ಮಿಶ್ರಣವು 60 ಮೀಟರಿನಲ್ಲಿ 0.7ರ ಒತ್ತಡದಿಂದ ಪ್ರಾಣಧಾರಕವಾಗಿದ್ದು, ನೀರಿನ ಮೇಲೆ ಹಗೇವಿನ ವಾಯುವಿನಂತೆ ಮೂರ್ಛೆಗೊಳಿಸುವುದು.

ಹೀಗೆ ಒಂದೇ ವಾಯು ಒಂದೆಡೆ ಅಮೃತ, ಮತ್ತೊಂದೆಡೆ ವಿಷ. ಕಣ್ಣು, ಮೂಗುಗಳಿಗೆ ಈ ಭೇದ ತಿಳಿಯದು. ಆದುದರಿಂದ ಪ್ರತಿಯೊಂದು ಸಿಲಿಂಡರಿನ ಆಮ್ಲಜನಕವನ್ನು ಬಳಸುವವನೇ ಮಾಪಕದಿಂದ ಅಳೆದು, ಅದರ ಪ್ರಮಾಣವನ್ನೂ ಇಳಿಯಬಹುದಾದ ಆಳವನ್ನೂ ಅದರ ಮೇಲೆ ಬರೆಯಬೇಕು. ನೀರಿನೊಳಗೆ ಸಿಲಿಂಡರನ್ನು ಬದಲಿಸುವಾಗ ಆ ಬರಹವನ್ನು ಮತ್ತೆ ಓದಬೇಕು. ಗಾಳಿ ತುಂಬುವ ಯಂತ್ರದ ಹೊಗೆಯಿಂದ ಸೇರಬಹುದಾದ, ವಾಸನೆಯಿಲ್ಲದ ಇಂಗಾಲದ ಮಾನಾಕ್ಸೈಡಿಗೆ ಬೇರೆಯೇ ಪರೀಕ್ಷೆ ಬೇಕು.

ದೀಪಕ್ಕೂ ಒಂದು ಮೇರೆಯುಂಟು. ಮಲಗುಂಡಿಗಳಲ್ಲಿ ಹೊತ್ತಿಕೊಳ್ಳುವ ವಾಯುವಿರುವುದರಿಂದ ಅಲ್ಲಿ ದೀಪವೇ ಅಪಾಯ. ಗಂಧಕದ ವಿಷವಾಯುವನ್ನು ಅದು ತೋರಿಸಲಾರದು. ಹಗೇವುಗಳು ಬಹುಮಟ್ಟಿಗೆ ಬಳಕೆ ತಪ್ಪಿವೆ. ಅವುಗಳಿಂದ ನಾವು ಉಳಿಸಿಕೊಳ್ಳಬೇಕಾದುದು ದೀಪವನ್ನಲ್ಲ, ಇಳಿಯುವುದಕ್ಕೆ ಮುನ್ನ ಪರೀಕ್ಷಿಸುವ ಶಿಸ್ತನ್ನು.